ದೊಡ್ಡವರಾಗೂದು ಅಂದರೇನು?



ಖೋ ಖೋ ಆಡಲು ಒಂದು ತಂಡಕ್ಕೆ ಒಂಬತ್ತು ಮಂದಿ ಬೇಕು. ಏಳನೇ ಇಯತ್ತೆಯಲ್ಲಿ ನಾವು ಒಂಬತ್ತು ಹುಡುಗಿಯರು ದಿನಾ ಆಡುತ್ತಿದ್ದೆವು. ಈಗ ಒಂಬತ್ತನೇ ಇಯತ್ತೆ. ಮೈದಾನಕ್ಕೆ ಬರುವವರು ನಾಲ್ಕೇ ಮಂದಿ. ಉಳಿದವರ ಕಾಲಿನ ಶಕ್ತಿ ಹೋಯಿತೇ? ಇಲ್ಲ. "ನೀ ಈಗ ದೊಡ್ಡಾಕಿ ಆಗೀಯವ್ವಾ, ಹಂಗ ಓಡಬ್ಯಾಡ" ಎಂದು ಮನೆಯಲ್ಲಿ ಹೇಳಿದ್ದಾರೆ.

ಹಾಗಾದರೆ ದೊಡ್ಡವರಾಗುವಾಗ ಮೈಯಲ್ಲಿ ಆಗುವುದೇನು? ಮೆದುಳಿನ ಬುಡದಲ್ಲಿ ಬಟಾಣಿ ಕಾಳಿನಷ್ಟು ಪಿಟ್ಯುಟರಿ ಗ್ರಂಥಿ ಇದೆ. ಅದರ ಸೂಚನೆಯಿಂದ ಮೈಯಲ್ಲಿ ಹಾರ್ಮೋನುಗಳು ಹೆಚ್ಚುತ್ತವೆ. ಸಾಮಾನ್ಯವಾಗಿ ಹುಡುಗಿಯರಲ್ಲಿ 8 ರಿಂದ 13, ಹುಡುಗರಲ್ಲಿ 9 ರಿಂದ 14 ವರ್ಷದೊಳಗೆ ಈ ಬದಲಾವಣೆ ಶುರುವಾಗುತ್ತದೆ. ಎಲ್ಲರೂ ಎತ್ತರ ಬೆಳೆಯುತ್ತಾರೆ. ಹುಡುಗರ ದನಿ ಒಡೆಯುತ್ತದೆ, ಹುಡುಗಿಯರಿಗೆ ಮುಟ್ಟು ಬರುತ್ತದೆ. ಇದು ರೋಗವಲ್ಲ, ಮೈಲಿಗೆಯೂ ಅಲ್ಲ. ಹೊಟ್ಟೆನೋವು ಬಹಳ ಇದ್ದರೆ ವಿಶ್ರಾಂತಿ ಬೇಕು. ಇಲ್ಲವಾದರೆ ಆಡಬಹುದು, ಓಡಬಹುದು.

ಇಷ್ಟು ಮೈಯ ಕೆಲಸ. ಉಳಿದದ್ದು ಮಂದಿಯ ಮಾತು. ಹುಡುಗಿಗೆ "ತಲಿ ಬಗ್ಗಿಸಿ ನಡಿ" ಅಂತಾರೆ. ಹುಡುಗನಿಗೆ "ಗಂಡಸಾಗಿ ಅಳ್ತೀಯೇನಲೇ?" ಅಂತಾರೆ. ನಮ್ಮ ಓಣಿಯಲ್ಲಿ ಒಬ್ಬರ ಎತ್ತು ಸತ್ತಾಗ ಮನೆಯ ಹುಡುಗಿ ಎಲ್ಲರ ಮುಂದೆ ಅತ್ತಳು. ಅವಳ ತಮ್ಮ ಕೊಟ್ಟಿಗೆಯಲ್ಲಿ ಅಡಗಿ ಅತ್ತ. ದುಃಖ ಇಬ್ಬರಿಗೂ ಒಂದೇ. ಅವಳಿಗೆ ಓಟ ಬಿಡಿಸಿದ್ದಾರೆ, ಇವನಿಗೆ ಅಳು ಬಿಡಿಸಿದ್ದಾರೆ.

ಇದು ನಮ್ಮೂರ ಮಾತಷ್ಟೇ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು 15 ದೇಶಗಳ ಮಕ್ಕಳನ್ನು ಕುರಿತ ಅಧ್ಯಯನವನ್ನು 2017ರಲ್ಲಿ ಪ್ರಕಟಿಸಿದರು. ಹುಡುಗಿ ಅಂದರೆ ಅಬಲೆ, ಹುಡುಗ ಅಂದರೆ ಗಟ್ಟಿಗ ಎಂಬ ಪಾಠ 10–14ರ ವಯಸ್ಸಿಗೇ ಮಕ್ಕಳ ಮನಸ್ಸಿನಲ್ಲಿ ಕೂತಿರುತ್ತದೆ ಎಂದು ಅದರಲ್ಲಿ ಕಂಡುಬಂತು. ಬಡ ದೇಶವಾದರೂ ಅಷ್ಟೇ, ಶ್ರೀಮಂತ ದೇಶವಾದರೂ ಅಷ್ಟೇ.

ಈ ಪಾಠದಿಂದ ನಷ್ಟ ದೊಡ್ಡದು. ದೊಡ್ಡಾಕಿ ಆದಳೆಂದು ಮೊದಲು ಆಟ ಬಿಡಿಸುತ್ತಾರೆ, ಆಮೇಲೆ ಸಾಲಿ, ಆಮೇಲೆ ಲಗ್ನದ ಮಾತು. ನೆನಪಿರಲಿ: 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯಂತೆ ಲಗ್ನಕ್ಕೆ ಹುಡುಗಿಗೆ 18, ಹುಡುಗನಿಗೆ 21 ತುಂಬಿರಬೇಕು. ತೊಂದರೆ ಇದ್ದರೆ 1098ಕ್ಕೆ ಫೋನ್ ಮಾಡಿರಿ, ದುಡ್ಡು ಬೀಳುವುದಿಲ್ಲ.

ಕುಸ್ತಿ ಗಂಡಸರದು ಅಂತಾರೆ. ಆದರೆ ನಮ್ಮ ಬೆಳಗಾವಿ ಜಿಲ್ಲೆಯ ತುರಮುರಿಯ ಮಲಪ್ರಭಾ ಜಾಧವ ಕುಸ್ತಿಯಂಥದೇ ಆದ ಕುರಾಶ್ ಆಟದಲ್ಲಿ 2018ರ ಏಷ್ಯನ್ ಕ್ರೀಡಾಕೂಟದ ಕಂಚಿನ ಪದಕ ಗೆದ್ದರು. ಅವರೂ "ದೊಡ್ಡಾಕಿ" ಆದವರೇ ಅಲ್ಲವೇ?

ಹುಡುಗರೇ, ಅಳು ಬಂದರೆ ಅಳ್ರಿ, ಗೆಳೆಯ ಅತ್ತರೆ ನಗಬ್ಯಾಡ್ರಿ. ಗೆಳತಿಯರೇ, ಇದನ್ನು ಮನೆಯಲ್ಲಿ ಅವ್ವನಿಗೂ ಓದಿ ಹೇಳಿರಿ. ಸಂಜೆ ಮೈದಾನಕ್ಕೆ ಬರ್ರಿ. ಐದು ಜಾಗ ಇನ್ನೂ ಖಾಲಿ ಇವೆ.

— ಒಂಬತ್ತನೇ ಇಯತ್ತೆಯ ವಿದ್ಯಾರ್ಥಿನಿ, ಐನಾಪುರ