ಕರೆಂಟ್ ಐತೆ, ಕಸುವಿಲ್ಲ

ಇಂಡಿಕೇಟರಿನ ಒಂದು ಬಲ್ಬು, ಅದಕ್ಕೆ ಬೆಸೆದ ಎರಡು ಮೊಳ ವೈರು. ಆಟೋ ಎಲೆಕ್ಟ್ರಿಷಿಯನ್ ಅಂಗಡಿಯಲ್ಲಿ ಇದಕ್ಕಿಂತ ಅಗ್ಗದ ಸಾಮಾನು ಇರಲಾರದು. ಹಿರಿಯೂರಿನ ಹೆದ್ದಾರಿ ಬದಿಯಲ್ಲಾಗಲಿ, ಹೊಳಲ್ಕೆರೆ ಪೇಟೆಯಲ್ಲಾಗಲಿ, ಹಳೇ ಪೆಟ್ರೋಲ್ ಅಂಬಾಸಿಡರ್ ಕೈಕೊಟ್ಟು ನಿಂತಾಗ ಹಳಬ ಮೇಸ್ತ್ರಿಯ ಕೈಗೆ ಮೊದಲು ಬರುವುದು ಇದೇ. (ಡೀಸೆಲ್ ಗಾಡಿಗೆ ಈ ರಗಳೆಯಿಲ್ಲ, ಅದಕ್ಕೆ ಕಿಡಿಯೇ ಬೇಡ.)

ಉತ್ತರಪಾರಾದ ಕಾರ್ಖಾನೆಯಲ್ಲಿ ಅಂಬಾಸಿಡರ್ ತಯಾರಿಕೆ ನಿಂತದ್ದು 2014ರಲ್ಲಿ. ಮುಂಬೈ ಕುರ್ಲಾದ ಪ್ರೀಮಿಯರ್ ಪದ್ಮಿನಿ ಅದಕ್ಕೂ ಮೊದಲೇ ನಿಂತಿತ್ತು. ಅಪ್ಪನ ಕಾಲದ್ದೆಂದು ಇವನ್ನು ಉಳಿಸಿಕೊಂಡವರು ಮಾತ್ರ ಇನ್ನೂ ಇದ್ದಾರೆ.

ಇವುಗಳ ಕಿಡಿಯ ಏರ್ಪಾಡು ಅಮೆರಿಕದ ಚಾರ್ಲ್ಸ್ ಕೆಟರಿಂಗ್ ನೂರು ವರ್ಷಕ್ಕೂ ಹಿಂದೆ ರೂಪಿಸಿದ್ದು. ಬ್ಯಾಟರಿಯ 12 ವೋಲ್ಟು ಕೀಲಿ ದಾಟಿ ಕಾಯಿಲ್‌ಗೆ ಬರುತ್ತದೆ. ಡಿಸ್ಟ್ರಿಬ್ಯೂಟರಿನೊಳಗೆ ಪಾಯಿಂಟ್ ಕಚ್ಚಿಕೊಂಡಾಗ ಕಾಯಿಲ್ ತುಂಬುತ್ತದೆ, ಬಿಟ್ಟ ಕ್ಷಣ ಹತ್ತಾರು ಸಾವಿರ ವೋಲ್ಟಾಗಿ ಪ್ಲಗ್ಗಿಗೆ ನುಗ್ಗುತ್ತದೆ. ಪಾಯಿಂಟಿನ ಸಂದು ಸುಮಾರು 0.4 ಮಿಲಿಮೀಟರ್. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗಿದರೆ ಆ ಸಂದು ಸೆಕೆಂಡಿಗೆ 100 ಸಲ ತೆರೆದು ಮುಚ್ಚಬೇಕು. ಇಷ್ಟು ದುಡಿಯುವ ಸಾಮಾನು ಸವೆಯದೆ ಇದ್ದೀತೇ?

ಹಾಗಾಗಿ ಗಾಡಿ ನಿಂತರೆ ಮೊದಲ ಅನುಮಾನ ಪಾಯಿಂಟಿನ ಮೇಲೆ, ಆಮೇಲೆ ಕಂಡೆನ್ಸರ್, ಕಾಯಿಲ್. ಒಂದೊಂದಾಗಿ ಬದಲಿಸುತ್ತಾ ಹೋಗುವುದು ಸುಲಭ, ದುಡ್ಡು ಗಿರಾಕಿಯದು. ನಮ್ಮ ಮನೆಯ ಕಾರಿಗೂ ಹೀಗೇ ಆಯಿತು. ಚಿತ್ರದುರ್ಗದ ಹೊರಗೆ ಏರು ಬಂದರೆ ಸಾಕು, ಕೆಮ್ಮಿ ಕೆಮ್ಮಿ ನಿಲ್ಲುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟು ಸೆಲ್ಫ್ ಹೊಡೆದರೆ ಏನೂ ಆಗದಂತೆ ಹೊರಡುತ್ತಿತ್ತು. ಒಂದು ಗ್ಯಾರೇಜಿನಲ್ಲಿ ಹೊಸ ಕಾಯಿಲ್ ಹಾಕಿದರು. ಮತ್ತೊಂದರಲ್ಲಿ ಡಿಜಿಟಲ್ ಮೀಟರ್ ಇಟ್ಟು ನೋಡಿ, "ಹನ್ನೆರಡು ತೋರಿಸ್ತಿದೆ, ವೈರಿಂಗ್ ಸರಿಯಾಗಿದೆ" ಎಂದರು.

ಕೊನೆಗೆ ನೋಡಿದವರು ಅರವತ್ತು ದಾಟಿದ ಮೇಸ್ತ್ರಿ. ಕೀಲಿ ಆನ್ ಮಾಡಿಸಿ, ಕಾಯಿಲಿನ ವೈರು ಬಿಚ್ಚಿ ಅದರ ತುದಿಗೆ ಬಲ್ಬಿನ ಒಂದು ವೈರು ಮುಟ್ಟಿಸಿದರು, ಇನ್ನೊಂದನ್ನು ಬಾಡಿಗೆ. ಬಲ್ಬು ಮಂಕಾಗಿ ಕೆಂಪಗೆ ಉರಿಯಿತು. ಅದೇ ಬಲ್ಬನ್ನು ಬ್ಯಾಟರಿಗೆ ಇಟ್ಟರೆ ಕಣ್ಣು ಕುಕ್ಕುವ ಬೆಳಕು.

"ಕರೆಂಟ್ ಐತೆ ಸಾರ್, ಕಸುವಿಲ್ಲ."

ನನಗೆ ಹೊಳೆಯದ ಸಂಗತಿ ಅದು. ಮೀಟರು ಕರೆಂಟನ್ನು ಬರೀ ಮೂಸಿ ನೋಡುತ್ತದೆ. ಒಂದೇ ಎಳೆ ಉಳಿದ ವೈರಿನಲ್ಲೂ 12 ಎಂದೇ ಹೇಳುತ್ತದೆ. ಬಲ್ಬು ಕರೆಂಟನ್ನು ಕುಡಿಯುತ್ತದೆ, ಕುಡಿಯುವಾಗಲೇ ಬಡತನ ಬಯಲು. ಕೀಲಿಯಿಂದ ಕಾಯಿಲ್‌ಗೆ ಬರುವ ಬಿಳಿ ವೈರು ಹೊರಗೆ ನೆಟ್ಟಗಿತ್ತು. ರಬ್ಬರು ಸೀಳಿದರೆ ಒಳಗೆ ತಾಮ್ರವೆಲ್ಲ ಹಸಿರುಗಟ್ಟಿ ಪುಡಿಯಾಗಿ, ಎರಡೇ ಎಳೆ ಹಿಡಿದುಕೊಂಡಿದ್ದವು. ಪಕ್ಕದ ಇಂಗಳದಾಳದಲ್ಲೇ ಒಂದು ಕಾಲಕ್ಕೆ ತಾಮ್ರದ ಗಣಿಯಿತ್ತು. ನಮ್ಮ ಕಾರಿಗೆ ಮಾತ್ರ ತಾಮ್ರದ ಬರ.

ಮೇಸ್ತ್ರಿ ಹೇಳುವಂತೆ, ಹೊಸದುರ್ಗದ ತೆಂಗಿನ ತೋಟ, ಭೀಮಸಮುದ್ರದ ಅಡಿಕೆ ಶೆಡ್ಡುಗಳಲ್ಲಿ ನಿಂತೇ ಇರುವ ಗಾಡಿಗಳಿಗೆ ವೈರು ಕಡಿಯುವ ಇಲಿಯ ಕಾಟವೇ ಹೆಚ್ಚು. ಬಯಲುಸೀಮೆಯ ಧೂಳು ಡಿಸ್ಟ್ರಿಬ್ಯೂಟರ್ ಕ್ಯಾಪಿನೊಳಗೆ ಕೂತು, ಮೊದಲ ಮಳೆಯ ತೇವ ಸೇರಿದರೆ ಕಿಡಿ ಪ್ಲಗ್ಗಿಗೆ ಹೋಗದೆ ಅಲ್ಲೇ ಅಡ್ಡದಾರಿ ಹಿಡಿಯುತ್ತದೆ. ಒಣಬಟ್ಟೆಯಲ್ಲಿ ಒರೆಸಿದರೆ ಎಷ್ಟೋ ಸಲ ಗಾಡಿ ಹೊರಡುತ್ತದೆ. ಎಂಜಿನ್ನಿನಿಂದ ಬಾಡಿಗೆ ಹೋಗುವ ಅರ್ತ್ ಪಟ್ಟಿಯನ್ನಂತೂ ಯಾರೂ ನೋಡುವುದಿಲ್ಲ ಎಂದು ಅವರ ದೂರು.

ಹೊಸ ವೈರು ಎಳೆದು ಮುಗಿಸಲು ಅರ್ಧ ಗಂಟೆ ಹಿಡಿಯಿತು. ಬಿಚ್ಚಿ ಹಾಕಿದ್ದ ಹಳೇ ಕಾಯಿಲನ್ನು ಡಿಕ್ಕಿಯಲ್ಲಿ ಕಂಡವರೇ ಅದನ್ನೇ ಮತ್ತೆ ಕೂರಿಸಿ, ಹೊಸದನ್ನು ಪೇಪರಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು: "ಇದು ಇರ್ಲಿ, ಅದು ಸತ್ತ ಮೇಲೆ ಹಾಕೋಣ."