ಹೆಸರಿನ ಮೇಲೆ ಬೆರಳಿಟ್ಟು ನೋಡಿ

ಸಾಗರದ ಕಡೆ ಹೋಮ್‌ಸ್ಟೇ ನಡೆಸುವ ನನ್ನ ಸ್ನೇಹಿತರೊಬ್ಬರು ವೆಬ್‌ಸೈಟ್ ಮಾಡಿಸಿದ್ದರು. ಡಿಸೈನರ್ ತನ್ನ ಲ್ಯಾಪ್‌ಟಾಪಿನಲ್ಲಿ ತೋರಿಸಿದಾಗ ಮನೆಮಂದಿಯೆಲ್ಲ ಮೆಚ್ಚಿದರು. ಪರದೆ ತುಂಬ ಮಳೆಗಾಲದ ಅಡಿಕೆ ತೋಟ, ಅದರ ಮೇಲೆ ತೇಲಿ ಬರುವ ಅಕ್ಷರಗಳು. ಆದರೆ ಸಿಗ್ನಲ್ ಸರಿಯಾಗಿ ಸಿಗದ ಘಟ್ಟದ ರಸ್ತೆಯಲ್ಲಿ ನಿಂತು ಫೋನ್ ನಂಬರ್ ಹುಡುಕುವ ಅತಿಥಿಗೆ ಕಾಣುತ್ತಿದ್ದುದು ಬರೀ ಬಿಳಿ ಪರದೆ.

ಅಂದಕ್ಕೆ ಬೆಲೆಯಿಲ್ಲವೆಂದಲ್ಲ. ಕೆನಡಾದ ಸಂಶೋಧಕಿ ಗಿಟ್ಟೆ ಲಿಂಡ್‌ಗಾರ್ಡ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ವೆಬ್‌ಪುಟವೊಂದನ್ನು ಬರೀ 50 ಮಿಲಿಸೆಕೆಂಡ್ ಕಂಡವರೂ ಅದು ಚೆನ್ನಾಗಿದೆಯೋ ಇಲ್ಲವೋ ಎಂದು ಅಳೆದುಬಿಟ್ಟಿದ್ದರು. ಅದಕ್ಕೂ ಮೊದಲು ಪುಟ ಕಣ್ಣಿಗೆ ಬೀಳಬೇಕಲ್ಲ!

ಪುಟ ಬಹುಪಾಲು ದಾರಿ ಬರುವುದು ಗಾಜಿನ ಎಳೆಯೊಳಗಿನ ಬೆಳಕಾಗಿ, ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ವೇಗದಲ್ಲಿ. ಪುಟವನ್ನು ಇಟ್ಟಿರುವ ಸರ್ವರ್ ಅಮೆರಿಕದ ಪೂರ್ವ ತೀರದಲ್ಲಿದ್ದರೆ ಬೆಂಗಳೂರಿನಿಂದ ನೇರ ಲೆಕ್ಕದಲ್ಲೇ 13 ಸಾವಿರ ಕಿ.ಮೀ.ಗೂ ಹೆಚ್ಚು ದೂರ. ಹೋಗಿ ಬರಲು ಕನಿಷ್ಠ 130 ಮಿಲಿಸೆಕೆಂಡ್ ಬೇಕು. ಸಂಪರ್ಕಕ್ಕೆ ಒಮ್ಮೆ, ಗೂಢಲಿಪಿಯ ಒಪ್ಪಂದಕ್ಕೆ ಇನ್ನೊಮ್ಮೆ, ಪುಟ ಕೇಳಲು ಮತ್ತೊಮ್ಮೆ ಹೀಗೆ ಹೋಗಿ ಬರಬೇಕು. ಮುಂಬೈ ಸರ್ವರ್ ಆದರೆ ಈ ದೂರ ಸಾವಿರ ಕಿ.ಮೀ. ಒಳಗೇ ಮುಗಿಯುತ್ತದೆ. ಇದರ ಮೇಲೆ ಕ್ಯಾಮೆರಾದಿಂದ ತೆಗೆದ ಐದಾರು ಎಂಬಿಯ ಫೋಟೊಗಳನ್ನು ಕುಗ್ಗಿಸದೆ ಹಾಗೇ ಏರಿಸಿದ್ದರೆ ಕಾಯುವಿಕೆ ಇನ್ನೂ ಹೆಚ್ಚು. ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು, ಬೆರಳು ಮುಟ್ಟಿದ 200 ಮಿಲಿಸೆಕೆಂಡಿನೊಳಗೆ ಪುಟ ಪ್ರತಿಕ್ರಿಯಿಸಬೇಕು ಎಂಬುದು ಗೂಗಲ್ ಇಟ್ಟಿರುವ ಅಳತೆ. ಯಾರಿಗಾದರೂ ಕೆಲಸ ಒಪ್ಪಿಸುವ ಮೊದಲು, ಆ ಡಿಸೈನರ್ ಹಿಂದೆ ಮಾಡಿದ ಸೈಟುಗಳ ವಿಳಾಸವನ್ನು ವೇಗ ಅಳೆಯುವ ಪೇಜ್‌ಸ್ಪೀಡ್ ಇನ್‌ಸೈಟ್ಸ್ ತಾಣಕ್ಕೆ ಕೊಟ್ಟು, ಮೊಬೈಲ್ ವಿಭಾಗದ ಅಂಕ ನೋಡಿ. ಖರ್ಚೇನೂ ಇಲ್ಲ.

ಕನ್ನಡದ ವ್ಯವಹಾರಕ್ಕೆ ಇದಕ್ಕಿಂತ ದೊಡ್ಡ ಪರೀಕ್ಷೆ ಇನ್ನೊಂದಿದೆ. ‘ಲಕ್ಷ್ಮೀ’ ಎಂಬ ಹೆಸರಿನ ‘ಕ್ಷ್ಮೀ’ ನಮ್ಮ ಕಣ್ಣಿಗೆ ಒಂದೇ ಅಕ್ಷರ. ಯೂನಿಕೋಡ್‌ನಲ್ಲಿ ಅದು ಕ, ಹಲಂತ, ಷ, ಹಲಂತ, ಮ, ದೀರ್ಘ ಈಕಾರ ಎಂಬ ಆರು ಸಂಕೇತಗಳ ಸಾಲು. ಅವನ್ನು ಹೆಣೆದು ಒತ್ತಕ್ಷರವಾಗಿ ಕೂರಿಸುವುದು ಬ್ರೌಸರಿನ ಒಳಗಿನ ತಂತ್ರಾಂಶ ಮತ್ತು ಫಾಂಟು. ಇಂಗ್ಲಿಷಿಗೆ ಸಾಕಾಗುವ ಸಾಲಿನ ಅಂತರವನ್ನೇ ಇಟ್ಟರೆ ನಮ್ಮ ಒತ್ತುಗಳು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತವೆ. ಈ ತೊಂದರೆ ಬಿಡಿಸಲು ಗೊತ್ತಿಲ್ಲದವರು ಹೆಸರನ್ನು ಚಿತ್ರವಾಗಿಸಿ ಅಂಟಿಸಿಬಿಡುತ್ತಾರೆ. ಇನ್ನು ಕೆಲವರು ಡಿಟಿಪಿಯ ಹಳೆಯ ಫಾಂಟಿನಲ್ಲಿ ಬೆರಳಚ್ಚಿಸಿದ್ದನ್ನೇ ತಂದು ಸುರಿಯುತ್ತಾರೆ. ಅದರಲ್ಲಿ ಕಾಣುವುದು ಕನ್ನಡ, ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಇಂಥ ಪುಟ ಕನ್ನಡದಲ್ಲಿ ಹುಡುಕುವವರಿಗೆ ಸಿಗುವುದು ಕಷ್ಟ. ದೃಷ್ಟಿಯಿಲ್ಲದವರಿಗೆ ಓದಿ ಹೇಳುವ ತಂತ್ರಾಂಶಕ್ಕೂ ಅರ್ಥವಾಗುವುದಿಲ್ಲ. ನಮ್ಮ ಭಾಷೆಯವರೇ ನಮ್ಮ ಬಾಗಿಲಿಗೆ ಬಂದು ಹಿಂದಿರುಗುವುದನ್ನು ನೆನೆದರೆ ಸಂಕಟವಾಗುತ್ತದೆ. ಡಿಸೈನರ್ ಮಾಡಿದ ಸೈಟನ್ನು ಮೊಬೈಲಿನಲ್ಲಿ ತೆರೆದು ಅಲ್ಲಿನ ಕನ್ನಡ ಹೆಸರಿನ ಮೇಲೆ ಬೆರಳೊತ್ತಿ ಹಿಡಿಯಿರಿ, ನಕಲಿಸಿ ವಾಟ್ಸ್ಆ್ಯಪ್‌ನಲ್ಲಿ ಅಂಟಿಸಿ. ಅಲ್ಲೂ ಅದೇ ಕನ್ನಡ ಮೂಡಿದರೆ ಡಿಸೈನರ್‌ಗೆ ಕೆಲಸ ಗೊತ್ತಿದೆ.

ಇನ್ನೊಂದು ಎಚ್ಚರವೂ ಬೇಕು. ಡೊಮೇನ್ ಹೆಸರು, ಅಂದರೆ ಸೈಟಿನ ವಿಳಾಸ, ಜಾಗದ ಖಾತೆಯಿದ್ದ ಹಾಗೆ, ಮಾಲೀಕರ ಹೆಸರು ಮತ್ತು ಇ-ಮೇಲ್‌ನಲ್ಲೇ ನೋಂದಣಿಯಾಗಬೇಕು. ಸ್ನೇಹಿತರದು ಡಿಸೈನರ್ ಹೆಸರಿನಲ್ಲಿತ್ತು. ಬಿಡಿಸಿಕೊಳ್ಳಲು ಎರಡು ತಿಂಗಳು ಅಲೆದರು. ಸೈಟಿನ ಕೆಲಸ ಹೊಸದಾಗಿ ಒಪ್ಪಿಕೊಂಡ ಹುಡುಗಿ, ಪುಟ ತೆರೆದು ನೋಡಲು ಮೊದಲ ದಿನವೇ ಅಡುಗೆಯವರ ಹಳೆಯ ಮೊಬೈಲ್ ಕೇಳಿ ಪಡೆದಳು. ಈಗ ಆ ಸೈಟಿನಲ್ಲಿ ಎಲ್ಲಕ್ಕಿಂತ ಮೊದಲು ಮೂಡುವುದು ಫೋನ್ ನಂಬರ್, ಮುಟ್ಟಿದರೆ ಕರೆ ಹೋಗುತ್ತದೆ. ತೋಟದ ಚಿತ್ರ ನಿಧಾನಕ್ಕೆ ಹಿಂದೆ ಬರುತ್ತದೆ.