ಸವಾರನ ಕೋವಿ

ಅಮೆರಿಕದ ಚಲಚಿತ್ರಗಳನ್ನು ನೋಡಿದವರಿಗೆ, ಓಡುವ ಕುದುರೆಯ ಮೇಲಿಂದಲೇ ಗುಂಡು ಹಾರಿಸುವುದು ಅಲ್ಲಿನ ಬೇಟೆಯ ರೂಢಿಯೆಂದು ತೋರಬಹುದು. ವಸ್ತುಸ್ಥಿತಿ ಬೇರೆ. ರಾಕಿ ಪರ್ವತಗಳ ಸೀಮೆಯ ಮೊಂಟಾನ, ವಯೋಮಿಂಗ್ ಮೊದಲಾದ ಸಂಸ್ಥಾನಗಳಲ್ಲಿ ಕುದುರೆಯು ಬೇಟೆಗಾರನನ್ನು ಬೆಟ್ಟದ ಮೇಲಕ್ಕೆ ಒಯ್ಯುವ ವಾಹನ ಮಾತ್ರ. ಮೃಗವು ಕಣ್ಣಿಗೆ ಬಿದ್ದೊಡನೆ ಆತನು ಕೆಳಗಿಳಿದು, ಕೋವಿಯನ್ನು ಸೆಳೆದುಕೊಂಡು, ಕುದುರೆಯಿಂದ ದೂರ ಸರಿದು ಗುರಿಯಿಡುವನು. ಆದುದರಿಂದ ಕೋವಿಯು ದಿನದ ಬಹುಭಾಗವನ್ನು ಕಳೆಯುವುದು ಜೀನಿನ ಪಕ್ಕದ ಚರ್ಮದ ಒರೆಯಲ್ಲಿ. ಅದನ್ನು ಆರಿಸುವಾಗ ಮೊದಲು ಕುದುರೆಯ ಅಭಿಪ್ರಾಯವನ್ನು ಕೇಳುವುದು ನ್ಯಾಯ! ನಳಿಗೆ ನೀಳವಾದರೆ ಪೊದೆಗಳಿಗೆ ಸಿಕ್ಕಿಕೊಳ್ಳುತ್ತದೆ. ಮೈ ದಪ್ಪವಾದರೆ ಸವಾರನ ಮೊಣಕಾಲಿಗೂ ಕುದುರೆಯ ಪಕ್ಕೆಗೂ ಒತ್ತುತ್ತದೆ. ಭಾರ ಹೆಚ್ಚಾದರೆ ಜೀನು ಒಂದು ಕಡೆಗೆ ವಾಲಿ ಬೆನ್ನು ಹುಣ್ಣಾಗುತ್ತದೆ.

ಈ ದೃಷ್ಟಿಯಿಂದ ಜಾನ್ ಬ್ರೌನಿಂಗ್ ರಚಿಸಿದ ವಿಂಚೆಸ್ಟರ್ 1894ರ ಮಾದರಿಗೆ ಎಣೆಯಿಲ್ಲವೆನ್ನಬಹುದು. ಅದರ ಗಿಡ್ಡ ರೂಪದಲ್ಲಿ ನಳಿಗೆ 20 ಅಂಗುಲ. ತೂಕ 7 ಪೌಂಡಿಗೆ ಒಳಗೆ. ಇಕ್ಕೆಲವೂ ಹಲಗೆಯಂತೆ ಚಪ್ಪಟೆ. ಕೆಳಗಿನ ಸನ್ನೆಯನ್ನು ಒಮ್ಮೆ ತಗ್ಗಿಸಿ ಎತ್ತಿದರೆ ಹೊಸ ತೋಟೆ ಒಳಕ್ಕೆ ಬರುತ್ತದೆ. ಇಂಥ ಕೋವಿಗಳು 70 ಲಕ್ಷಕ್ಕೂ ಮೀರಿ ತಯಾರಾಗಿವೆ.

ಆದರೆ ಇದಕ್ಕೊಂದು ಮಿತಿಯುಂಟು. ತೋಟೆಗಳು ನಳಿಗೆಯ ಕೆಳಗಿನ ಕೊಳವೆಯಲ್ಲಿ, ಒಂದರ ಬುಡಕ್ಕೆ ಇನ್ನೊಂದರ ತುದಿ ತಾಗುವಂತೆ, ಸಾಲಾಗಿ ಮಲಗಿರುತ್ತವೆ. ತುದಿ ಚೂಪಾಗಿದ್ದರೆ ಕೋವಿಯ ಒದೆತಕ್ಕೆ ಅದು ಮುಂದಿನ ತೋಟೆಯ ಕೇಪನ್ನು ಚುಚ್ಚಿ ಸಿಡಿಸೀತೆಂಬ ಭಯದಿಂದ ಮೊಂಡುಮೂಗಿನ ಗುಂಡನ್ನೇ ಬಳಸುವುದು ವಾಡಿಕೆ. ಮೊಂಡು ಗುಂಡಿಗೆ ಗಾಳಿಯ ತಡೆ ಹೆಚ್ಚು. 150 ಗಜಗಳಾಚೆ ಅದರ ವೇಗವೂ ಬಲವೂ ಬೇಗನೆ ಕುಂದುತ್ತವೆ. ದಟ್ಟ ಕಾಡಿನಲ್ಲಿ ಇದು ಬಾಧಕವಲ್ಲ. ಆದರೆ ನಮ್ಮ ಕಡವೆಗಿಂತಲೂ ದೊಡ್ಡದಾದ ಎಲ್ಕ್ ಮೃಗವು ಕಣಿವೆಯಾಚೆ 300 ಗಜ ದೂರದಲ್ಲಿ ನಿಂತಿರುವಾಗ ಇದರಿಂದ ಹೊಡೆಯುವುದು ಕ್ರೌರ್ಯವೇ ಸರಿ. ಗಾಯಗೊಂಡ ಪ್ರಾಣಿ ಹೊದರಿನಲ್ಲಿ ಮರೆಯಾಗಿ ದಿನಗಟ್ಟಲೆ ನರಳಿ ಸಾಯುವುದು. ಬೇಟೆಗಾರನಿಗೆ ಅದರ ಸುಳಿವೂ ಸಿಗದು.

ಆದಕಾರಣ ಬಯಲು ಸೀಮೆಯಲ್ಲಿ ನಾವು ಅಗುಳಿಯ ಕೋವಿಯ ಪಕ್ಷವನ್ನೇ ವಹಿಸುವೆವು. ಅದರಲ್ಲಿ ತೋಟೆಗಳು ಪೆಟ್ಟಿಗೆಯೊಳಗೆ ಒಂದರ ಮೇಲೊಂದು ಕೂರುವುದರಿಂದ ಚೂಪು ಗುಂಡಿಗೆ ಅಡ್ಡಿಯಿಲ್ಲ. 1906ರಲ್ಲಿ ಅಮೆರಿಕದ ಸೇನೆಗಾಗಿ ಬಂದ ಥರ್ಟಿ ನಾಟ್ ಸಿಕ್ಸ್ ತೋಟೆ ಎಲ್ಕಿಗೆ ಧಾರಾಳವಾಗಿ ಸಾಕು. ಅಗುಳಿಯ ಹಿಡಿ ಹೊರಕ್ಕೆ ಚಾಚಿಕೊಂಡಿರುವುದೂ, ಮೇಲೆ ದೂರದರ್ಶಕವನ್ನು ಕೂರಿಸಿದರೆ ಒರೆ ಉಬ್ಬುವುದೂ ನಿಜ. 22 ಅಂಗುಲದ ನಳಿಗೆಯನ್ನೂ ಸಣ್ಣ ದೂರದರ್ಶಕವನ್ನೂ ಆರಿಸಿ, ಅದನ್ನು ನಳಿಗೆಗೆ ತಗ್ಗಾಗಿ ಬಿಗಿದರೆ ಕುದುರೆ ಸಹಿಸಿಕೊಳ್ಳುತ್ತದೆ. ದಿನವಿಡೀ ಕುಲುಕಾಟದಲ್ಲಿ ದೂರದರ್ಶಕ ಅಲುಗಿರಬಹುದಾದುದರಿಂದ ಗುರಿಯನ್ನು ಪರೀಕ್ಷಿಸದೆ ಅದನ್ನು ನಂಬಬಾರದು.

ನಮ್ಮ ದೇಶದಲ್ಲಾದರೋ 1972ರ ವನ್ಯಜೀವಿ ಶಾಸನವು ಬೇಟೆಯನ್ನು ನಿಷೇಧಿಸಿರುವುದರಿಂದ ಇದೆಲ್ಲ ತಿಳಿವಳಿಕೆಯ ಮಾತಷ್ಟೆ.

ಕೋವಿ ಯಾವುದೇ ಆಗಲಿ, ಸವಾರಿ ಮಾಡುವಾಗ ನಳಿಗೆಯ ಬುಡದಲ್ಲಿ ತೋಟೆ ಇರಕೂಡದು. ಒರೆಯ ಬಾಯಿ ಮುಂದಕ್ಕಿದ್ದರೆ ಕಡಿದಾದ ಇಳಿಜಾರಿನಲ್ಲಿ ಕೋವಿ ಜಾರಿ ಬೀಳುವುದುಂಟು; ಅದಕ್ಕೆ ಪಟ್ಟಿ ಬಿಗಿಯಬೇಕು. ಕೆಳಗಿಳಿದಾಗಲೆಲ್ಲ ಕೋವಿಯನ್ನು ಕೈಗೆ ತೆಗೆದುಕೊಳ್ಳತಕ್ಕದ್ದು. ಬೆವರಿದ ಕುದುರೆ ಜೀನಿನ ಸಮೇತ ನೆಲದ ಮೇಲೆ ಹೊರಳಿದರೆ ಮರದ ಹಿಡಿ ಮುರಿಯುತ್ತದೆ, ಬೆದರಿ ಓಡಿದರೆ ಕೋವಿಯೂ ಅದರೊಡನೆ ಹೋಗುತ್ತದೆ.